ಧಾರಾವಾಹಿಯ ಅನಿಸಿಕೆ ಬರೆಯುವುದು, ಬರಲಿರುವ ಸಿನಿಮಾದ ಸುದ್ದಿ ತೂಗುವುದು: ಅಭಿಮಾನಿಗಳಿಗೊಂದು ಕೈಪಿಡಿ

ಸಂಚಿಕೆ ಮುಗಿದು ಮುಂದಿನ ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿಸುವ ಮೊದಲೇ ಎರಡು ಸಾಲು ಬರೆದಿಟ್ಟುಬಿಡಿ. ಅನಿಸಿಕೆ ಬರೆಯಬೇಕೆನ್ನುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಸ್ವಲ್ಪ ಹೊತ್ತು ಬಿಟ್ಟರೆ ಪಕ್ಕದ ಮನೆಯವರ ಅಭಿಪ್ರಾಯ, ಮೊಬೈಲಿಗೆ ಬಂದ ತುಣುಕು, ನಾಳಿನ ಪ್ರೋಮೊ ಎಲ್ಲವೂ ಬೆರೆತುಕೊಂಡು ನಿಮಗೆ ನಿಜವಾಗಿ ಏನನ್ನಿಸಿತು ಎಂಬುದೇ ಮಸುಕಾಗುತ್ತದೆ. ಆಮೇಲೆ ನೀವು ಬರೆಯುವುದು ಬೇರೆಯವರ ಅನಿಸಿಕೆಯನ್ನು.

ತಿಪಟೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸಂಜೆಯಾದರೆ ಗೋಡೆಯ ಮೇಲಿನ ಟಿವಿಯೂ ನಡೆಯುತ್ತದೆ, ಮಷೀನೂ ನಡೆಯುತ್ತದೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ನಾನು ಧಾರಾವಾಹಿಗಳ ಟಿಪ್ಪಣಿ ಇಡುತ್ತೇನೆ. ಕೊನೆಯ ಕೆಲವು ಹಾಳೆಗಳು ಬರಲಿರುವ ಸಿನಿಮಾಗಳಿಗೆ ಮೀಸಲು. ಬ್ಲೌಸ್ ಕೊಡಲು ಬಂದವರು, ಒಯ್ಯಲು ಬಂದವರು ಐದು ನಿಮಿಷ ನಿಂತು ಮಾತಾಡುತ್ತಾರೆ. ಆ ಮಾತುಗಳಿಗೆ ಬೆಲೆ ಇದೆ ಎಂದು ನಂಬಿರುವವಳು ನಾನು. ದಿನವಿಡೀ ದುಡಿದು ಬಂದ ಹೆಂಗಸು ಒಂದು ದೃಶ್ಯದ ಬಗ್ಗೆ ಮರುದಿನವೂ ಮಾತಾಡುತ್ತಾಳೆ ಎಂದರೆ ಆ ದೃಶ್ಯ ಏನನ್ನೋ ಮಾಡಿದೆ. ಅದೇನೆಂದು ಸರಿಯಾಗಿ ಹೇಳಲು ಕಲಿಯುವುದೇ ಅಭಿಮಾನಿಯ ಕೆಲಸ.

ಕಂಡದ್ದು ಮೊದಲು, ಅನ್ನಿಸಿದ್ದು ಆಮೇಲೆ

‘ಇವತ್ತಿನ ಸಂಚಿಕೆ ಅದ್ಭುತ’, ‘ಇವತ್ತು ಬೋರು’ ಎಂಬ ಮಾತುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪರದೆಯ ಮೇಲೆ ಏನಾಯಿತು ಎಂಬ ಒಂದು ವಾಕ್ಯವನ್ನು ಮೊದಲು ಬರೆಯಿರಿ. ಯಾರು, ಎಲ್ಲಿ, ಕೈಯಲ್ಲಿ ಏನಿತ್ತು, ಏನು ಹೇಳಿದರು, ಏನನ್ನು ಹೇಳದೆ ಬಿಟ್ಟರು. ಅನಿಸಿಕೆ ಅದರ ಬೆನ್ನಿಗೆ ತಾನಾಗಿ ಬರುತ್ತದೆ.

ಇತ್ತೀಚೆಗೆ ನೋಡಿದ ಒಂದು ಸಂಚಿಕೆಯನ್ನೇ ತೆಗೆದುಕೊಳ್ಳಿ. ಧಾರಾವಾಹಿಯ ಹೆಸರು ಹೇಳುವುದಿಲ್ಲ, ಇನ್ನೂ ಆ ಸಂಚಿಕೆಗೆ ತಲುಪದವರು ಇರಬಹುದು. ತಂಗಿಯ ಕಾಲೇಜು ಶುಲ್ಕಕ್ಕಾಗಿ ಅಣ್ಣ ತೀರಿಕೊಂಡ ತಾಯಿಯ ಸರವನ್ನು ಗಿರವಿ ಇಟ್ಟಿದ್ದಾನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬಟ್ಟೆ ಒಗೆಯಲು ಕುಳಿತ ತಂಗಿಗೆ ಅವನ ಅಂಗಿಯ ಜೇಬಿನಲ್ಲಿ ಗಿರವಿ ಅಂಗಡಿಯ ಚೀಟಿ ಸಿಗುತ್ತದೆ. ಅಳುತ್ತಾಳೆ, ಓಡಿ ಹೋಗಿ ಕೇಳುತ್ತಾಳೆ, ಸಂಗೀತ ಏರುತ್ತದೆ ಎಂದು ನಾನು ಕಾದೆ. ಅವಳು ಚೀಟಿಯನ್ನು ಒದ್ದೆಯಾಗದಂತೆ ಮಡಚಿ ಕಿಟಕಿಯ ಮೇಲಿಟ್ಟಳು, ಅಂಗಿ ಒಗೆದಳು. ರಾತ್ರಿ ಊಟಕ್ಕೆ ಬಡಿಸುವಾಗ ಅಣ್ಣನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು. ‘ಸಾಕು’ ಎಂದ. ‘ಇರಲಿ’ ಎಂದಳು. ಅಷ್ಟೇ.

ಆ ದಿನ ನನ್ನ ಪುಸ್ತಕದಲ್ಲಿ ಬರೆದದ್ದು ಹೀಗಿದೆ: ‘ಚೀಟಿ ಸಿಕ್ಕರೂ ಕೇಳಲಿಲ್ಲ. ತುಪ್ಪ ಹಾಕಿದಳು. ಕೇಳಿದ್ದರೆ ಅವನು ಸುಳ್ಳು ಹೇಳಬೇಕಾಗುತ್ತಿತ್ತು, ಆ ಸುಳ್ಳಿನಿಂದ ಅವನನ್ನು ಕಾಪಾಡಿದಳು. ತಂಗಿಯ ಪಾತ್ರ ಇವತ್ತು ದೊಡ್ಡದಾಯಿತು. ಜಾಹೀರಾತಿನ ನಂತರ ಅತ್ತಿಗೆ ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದು ಬೇಡವಾಗಿತ್ತು. ಈ ಗುಟ್ಟು ಅಣ್ಣ ತಂಗಿಯ ನಡುವೆಯೇ ಒಂದು ವಾರ ಉಳಿಯಬೇಕಿತ್ತು.’

ಹೊಗಳಿಕೆ ಇದೆ, ದೂರೂ ಇದೆ, ಎರಡಕ್ಕೂ ಕಾರಣವಿದೆ. ನನ್ನ ಮಾತು ಒಪ್ಪದವರು ಆ ಕಾರಣವನ್ನು ಹಿಡಿದು ವಾದಿಸಬಹುದು. ಗಿರಾಕಿಯೊಬ್ಬರು ಹಾಗೆಯೇ ವಾದಿಸಿದರು. ಅತ್ತಿಗೆ ನೋಡದಿದ್ದರೆ ಮುಂದಿನ ವಾರದ ಜಗಳಕ್ಕೆ ಬೀಜವೆಲ್ಲಿ ಎಂಬುದು ಅವರ ಪ್ರಶ್ನೆ. ಹೊಲಿಗೆ ನಿಲ್ಲಿಸಿ ಅರ್ಧ ಗಂಟೆ ಮಾತಾಡಿದೆವು. ಬರೀ ‘ಅದ್ಭುತ’ ಎಂದಿದ್ದರೆ ‘ಹೌದು’ ಎನ್ನುವುದರಲ್ಲಿ ಮಾತು ಮುಗಿಯುತ್ತಿತ್ತು.

ಎರಡು ಕಾಲಗಳನ್ನೂ ಗುರುತು ಮಾಡಿಕೊಳ್ಳಿ

ಟಿಪ್ಪಣಿಯ ಮೇಲೆ ಪ್ರಸಾರವಾದ ದಿನಾಂಕ ಬರೆಯಿರಿ, ಅದರ ಪಕ್ಕದಲ್ಲಿ ಕಥೆಯೊಳಗೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನೂ ಬರೆಯಿರಿ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಉಳಿಯುವುದೇ ಇಪ್ಪತ್ತು ಚಿಲ್ಲರೆ ನಿಮಿಷ. ಅದರಲ್ಲೂ ಮೊದಲಿಗೆ ನಿನ್ನೆಯ ತುಣುಕು, ಕೊನೆಗೆ ನಾಳಿನ ತುಣುಕು. ಹೀಗಾಗಿ ಒಂದು ಮದುವೆಯ ಮುಹೂರ್ತ ನಮ್ಮ ಪಾಲಿಗೆ ಎರಡು ವಾರವಾಗುತ್ತದೆ. ಇಷ್ಟಕ್ಕೇ ‘ಎಳೆಯುತ್ತಿದ್ದಾರೆ’ ಎಂದು ತೀರ್ಪು ಕೊಡಬೇಡಿ. ಆ ಎರಡು ವಾರದಲ್ಲಿ ಯಾರ ಮನಸ್ಸಾದರೂ ಬದಲಾಯಿತೇ ನೋಡಿ. ತಾಳಿ ಕಟ್ಟುವ ಮೊದಲು ತಂದೆ ಮಗಳ ನಡುವೆ ಒಂದು ಹಳೆಯ ಲೆಕ್ಕ ತೀರಿದ್ದರೆ ಆ ಸಂಚಿಕೆಗಳು ಖಾಲಿ ಹೋಗಿಲ್ಲ. ಅದೇ ಮೂರು ಮುಖಗಳನ್ನು ಅದೇ ಗುಡುಗಿನ ಸದ್ದಿನೊಂದಿಗೆ ಮತ್ತೆ ಮತ್ತೆ ಹತ್ತಿರದಿಂದ ತೋರಿಸಿದ್ದಷ್ಟೇ ಆಗಿದ್ದರೆ ಎಳೆದಿದ್ದಾರೆ ಎಂದು ಧೈರ್ಯವಾಗಿ ಬರೆಯಿರಿ. ಎರಡು ಕಾಲದ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ದೂರಿಗೆ ಆಧಾರವಿರುತ್ತದೆ.

ದಿನವಹಿ ಧಾರಾವಾಹಿ ಹೇಗೆ ತಯಾರಾಗುತ್ತದೆ ಎಂಬುದೂ ನೆನಪಿರಲಿ. ಪ್ರಸಾರಕ್ಕೆ ಕೆಲವೇ ದಿನ ಮೊದಲು ಚಿತ್ರೀಕರಣ ನಡೆಯುತ್ತದೆ. ಕೈಯಲ್ಲಿ ತಿಂಗಳುಗಟ್ಟಲೆ ಸಂಚಿಕೆಗಳ ದಾಸ್ತಾನು ಇರುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಚಿತ್ರೀಕರಣ ನಿಂತಾಗ ವಾಹಿನಿಗಳು ಬಹುಬೇಗ ಹಳೆಯ ಸಂಚಿಕೆಗಳ ಮರುಪ್ರಸಾರಕ್ಕೆ ಇಳಿದದ್ದು ಇದೇ ಕಾರಣಕ್ಕೆ. ಆ ಅವಸರದಲ್ಲೂ ಒಂದು ಚಮಚ ತುಪ್ಪದಂಥ ದೃಶ್ಯ ಬರೆಯುವವರಿದ್ದಾರೆ. ಶೀರ್ಷಿಕೆಯ ಪಟ್ಟಿಯಲ್ಲಿ ಸಂಭಾಷಣೆ, ಚಿತ್ರಕಥೆ, ಸಂಚಿಕೆ ನಿರ್ದೇಶನ ಯಾರದು ಎಂದು ಓದಿಕೊಳ್ಳಿ. ಒಳ್ಳೆಯ ಮಾತು ಬಂದ ದಿನ ಬರೆದವರ ಹೆಸರನ್ನು ನಿಮ್ಮ ಅನಿಸಿಕೆಯಲ್ಲಿ ಸೇರಿಸಿ. ನಟರಿಗೆ ಸಿಗುವ ಪ್ರೀತಿಯಲ್ಲಿ ಸ್ವಲ್ಪವಾದರೂ ಅವರಿಗೆ ತಲುಪಬೇಕು.

ರಿಮೇಕ್ ಧಾರಾವಾಹಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಪುಟ್ಟಗೌರಿ ಮದುವೆಗೆ ಹಿಂದಿಯ ಬಾಲಿಕಾ ವಧು ಮೂಲ, ಜೊತೆ ಜೊತೆಯಲಿಗೆ ಮರಾಠಿಯ ತುಲಾ ಪಾಹತೇ ರೇ. ಮೂಲವನ್ನು ಓದಿಕೊಂಡು ಬಂದು ‘ಮುಂದೆ ಹೀಗಾಗುತ್ತದೆ’ ಎಂದು ಸಾರುವವರು ನೋಡುವವರ ಸಂತೋಷ ಕಸಿಯುತ್ತಾರೆ, ಅನೇಕ ಸಲ ತಪ್ಪು ಭವಿಷ್ಯವನ್ನೂ ಹೇಳುತ್ತಾರೆ. ನೂರಾರು ಸಂಚಿಕೆ ನಡೆಯುವ ಕಥೆ ಮೂಲದ ದಾರಿಯಲ್ಲೇ ಕೊನೆಯವರೆಗೂ ನಡೆಯುವುದಿಲ್ಲ. ನೋಡುತ್ತಿರುವ ಕನ್ನಡದ ಸಂಚಿಕೆಯ ಬಗ್ಗೆ ಬರೆಯಿರಿ, ಅಷ್ಟು ಸಾಕು.

ಕಿವಿಯಿಂದ ನೋಡಿ, ಬಟ್ಟೆ ನೋಡಿ

ಮಷೀನಿನ ಮುಂದೆ ಕುಳಿತವಳು ಹೊಲಿಗೆಯಿಂದ ಕಣ್ಣು ಕೀಳುವ ಹಾಗಿಲ್ಲ. ಹಾಗಾಗಿ ಅರ್ಧ ಸಂಚಿಕೆಯನ್ನು ನಾನು ಕೇಳುತ್ತೇನೆ. ನೀವೂ ವಾರಕ್ಕೊಮ್ಮೆ ಹೀಗೆ ಮಾಡಿ: ಟಿವಿಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಾ ಸಂಚಿಕೆ ಕೇಳಿ. ಯಾರ ಮಾತಿನಲ್ಲಿ ಉಸಿರಿದೆ, ಯಾರದು ಒಪ್ಪಿಸಿದ ಪಾಠ ಎಂಬುದು ತಕ್ಷಣ ತಿಳಿಯುತ್ತದೆ. ಪಾತ್ರ ಹಾಸನದ ಹಳ್ಳಿಯದೆಂದು ಹೇಳಿ ಬೆಂಗಳೂರಿನ ಮಾತಾಡಿಸಿದರೆ ಕಿವಿಗೆ ತಟ್ಟುತ್ತದೆ. ಉತ್ತರ ಕರ್ನಾಟಕದ ಪಾತ್ರವನ್ನು ಬರೀ ನಗಿಸಲಿಕ್ಕೆ ಬಳಸಿದ್ದಾರೆಯೇ, ಅವನಿಗೂ ಒಂದು ಗಂಭೀರ ಮಾತು ಕೊಟ್ಟಿದ್ದಾರೆಯೇ ಎಂಬುದೂ ಕೇಳಿಸುತ್ತದೆ. ಇಂಥದ್ದನ್ನು ಬರೆದರೆ ಅದು ನಿಮ್ಮದೇ ಅನಿಸಿಕೆಯಾಗುತ್ತದೆ.

ನನ್ನ ಕಸುಬಿನಿಂದ ಬಂದ ಇನ್ನೊಂದು ಅಭ್ಯಾಸ ಬಟ್ಟೆ ನೋಡುವುದು. ಒಂದು ಮಂಟಪದ ದೃಶ್ಯದಲ್ಲಿ ನಾಯಕಿಯ ಅತ್ತಿಗೆ ಸೋಮವಾರ ಆರಿ ವರ್ಕ್ ಮಾಡಿದ ಮೊಣಕೈ ತೋಳಿನ ಬ್ಲೌಸ್ ತೊಟ್ಟಿದ್ದಳು. ಗುರುವಾರ ಅದೇ ಮಂಟಪ, ಅದೇ ಸೀರೆ. ತೋಳು ನಾಲ್ಕು ಬೆರಳು ಗಿಡ್ಡ. ದೃಶ್ಯದ ಎರಡು ಭಾಗಗಳು ಬೇರೆ ಬೇರೆ ದಿನ ಚಿತ್ರೀಕರಣವಾಗಿವೆ ಎಂದು ಇದರಿಂದ ಊಹಿಸಬಹುದು. ಇದನ್ನು ಗುರುತಿಸುವುದು ಖುಷಿಯ ಕೆಲಸವೇ. ಆದರೆ ಅದಕ್ಕಿಂತ ಮುಖ್ಯವಾದದ್ದು ಬಟ್ಟೆ ಕಥೆ ಹೇಳುವ ಜಾಗ. ನಾನು ಮೆಚ್ಚಿಕೊಂಡು ನೋಡುವ ಧಾರಾವಾಹಿಯೊಂದರಲ್ಲಿ ಮನೆಯ ಹಿರಿಸೊಸೆ ಕೆಲಸಕ್ಕೆ ಸೇರಿದ ಮೇಲೆ ಮೆಲ್ಲಗೆ ಅವಳ ಸೆರಗಿಗೆ ಪಿನ್ ಬಂತು. ಅದುವರೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವಳು. ಸಂಭಾಷಣೆಯಲ್ಲಿ ಯಾರೂ ಅದನ್ನು ಹೇಳಲಿಲ್ಲ, ವಸ್ತ್ರವಿನ್ಯಾಸ ಮಾಡಿದವರು ಹೇಳಿದರು. ನೀವು ಬೇರೆ ಕಸುಬಿನವರಾದರೆ ನಿಮ್ಮ ಕಣ್ಣು ಬೇರೆ ಕಡೆ ಹೋಗುತ್ತದೆ. ದಾದಿಯರು ಆಸ್ಪತ್ರೆಯ ದೃಶ್ಯ ನೋಡಲಿ, ಅಡುಗೆಯವರು ಬಡಿಸುವ ಕೈ ನೋಡಲಿ. ಅದನ್ನೇ ಬರೆಯಿರಿ, ಬೇರೆ ಯಾರೂ ಬರೆಯಲಾರರು.

ಸಿಟ್ಟು ಪಾತ್ರದ ಮೇಲಿರಲಿ

ಇದರಲ್ಲಿ ನಾನು ಕಟ್ಟುನಿಟ್ಟು. ಬೈಯುವುದಿದ್ದರೆ ಪಾತ್ರದ ಹೆಸರು ಬರೆಯಿರಿ, ನಟನೆಯನ್ನು ತೂಗುವುದಿದ್ದರೆ ನಟರ ಹೆಸರು ಬರೆಯಿರಿ. ಇವೆರಡನ್ನು ಬೆರೆಸಬೇಡಿ. ಖಳನಾಯಕಿಯ ಪಾತ್ರ ಮಾಡುವ ಹೆಣ್ಣುಮಗಳು ಸಂಜೆ ಮನೆಗೆ ಹೋಗಿ ನಮ್ಮ ಹಾಗೆಯೇ ಅಕ್ಕಿ ತೊಳೆಯುತ್ತಾಳೆ. ಅವಳ ಮುಖ ಕಂಡರೆ ಮೈ ಉರಿಯುತ್ತದೆ ಎಂದು ನಿಮಗನ್ನಿಸಿದರೆ ಅವಳು ಗೆದ್ದಳು. ಅದನ್ನು ಹಾಗೆಯೇ, ಮೆಚ್ಚುಗೆಯಾಗಿ ಬರೆಯಿರಿ. ಪಾತ್ರಧಾರಿ ಬದಲಾದಾಗಲೂ ಇದೇ ನ್ಯಾಯ. ಹೊಸಬರನ್ನು ಮೊದಲ ದಿನವೇ ಹಳಬರೊಂದಿಗೆ ಹೋಲಿಸಿ ಹಳಿಯುವುದು ಅನ್ಯಾಯ. ಎರಡು ವಾರ ಸಮಯ ಕೊಡಿ. ಪಾತ್ರದ ನಡಿಗೆ, ಮಾತಿನ ವೇಗ, ಸಿಟ್ಟು ಮಾಡಿಕೊಳ್ಳುವ ರೀತಿ ಅವರಿಗೆ ಒಗ್ಗಿತೇ ನೋಡಿ, ಆಮೇಲೆ ಹೇಳಿ.

ಟಿಆರ್‌ಪಿ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ಶನಿವಾರದಿಂದ ಶುಕ್ರವಾರದವರೆಗೆ ಒಂದು ವಾರ ಎಂದು ಅಳೆಯುತ್ತದೆ, ಅಂಕಿ ಹೊರಬರುವುದು ಮುಂದಿನ ಗುರುವಾರ. ಮೀಟರ್ ಅಳವಡಿಸಿದ ಆಯ್ದ ಮನೆಗಳ ನೋಟದಿಂದ ತೆಗೆದ ಲೆಕ್ಕ ಅದು. ಎಷ್ಟು ಜನ ನೋಡಿದರು ಎಂದು ಹೇಳುತ್ತದೆ, ಹೇಗಿತ್ತು ಎಂದು ಹೇಳುವುದಿಲ್ಲ. ಅನಿಸಿಕೆ ಬರೆಯುವಾಗ ಅದನ್ನು ಪಕ್ಕಕ್ಕಿಡಿ.

ಚಂದಾ ಕಟ್ಟಿದವರಿಗೆ ಟಿವಿಗಿಂತ ಮೊದಲೇ ಸಂಚಿಕೆ ತೋರಿಸುವ ಆ್ಯಪ್‌ಗಳಿವೆ. ನೀವು ಹಾಗೆ ನೋಡುವವರಾದರೆ, ಟಿವಿಯಲ್ಲಿ ಪ್ರಸಾರವಾಗುವವರೆಗೆ ಬಾಯಿ ಬಿಡಬೇಡಿ.

ಸಿನಿಮಾ ಸುದ್ದಿ: ಯಾರು ಹೇಳಿದರು, ಕೆಲಸ ಎಲ್ಲಿಗೆ ಬಂತು

ಧಾರಾವಾಹಿಯಲ್ಲಿ ಕಂಡದ್ದನ್ನು ಬರೆಯುತ್ತೇವೆ. ಬರಲಿರುವ ಸಿನಿಮಾದಲ್ಲಿ ಕಾಣಲು ಇನ್ನೂ ಏನೂ ಇಲ್ಲ. ಇರುವುದು ಆಸೆ ಮತ್ತು ಬೇರೆಯವರ ಮಾತು. ಅದಕ್ಕೇ ಇಲ್ಲಿ ಎರಡು ಪಟ್ಟು ಎಚ್ಚರ ಬೇಕು. ಸುದ್ದಿ ಸಿಕ್ಕ ಕೂಡಲೇ ಎರಡು ವಿಷಯ ಬರೆದುಕೊಳ್ಳಿ: ಹೇಳಿದ್ದು ಯಾರು, ಕೆಲಸ ಯಾವ ಹಂತದಲ್ಲಿದೆ.

ನಿರ್ಮಾಣ ಸಂಸ್ಥೆ ತನ್ನ ಅಧಿಕೃತ ಖಾತೆಯಲ್ಲಿ ಹೇಳಿದ್ದಕ್ಕೆ ಒಂದು ತೂಕ. ನಿರ್ದೇಶಕರು ಸಂದರ್ಶನದಲ್ಲಿ ‘ಮಾತುಕತೆ ನಡೆಯುತ್ತಿದೆ’ ಎಂದದ್ದಕ್ಕೆ ಅದಕ್ಕಿಂತ ಕಡಿಮೆ. ‘ಆಪ್ತ ಮೂಲಗಳು’ ಹೇಳಿದ್ದನ್ನು ನನ್ನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಪೋಸ್ಟರ್ ಬಂದರೂ ನಂಬಿಬಿಡಬೇಡಿ. ಅಭಿಮಾನಿಗಳು ಪ್ರೀತಿಯಿಂದ ಮಾಡಿದ ಪೋಸ್ಟರ್‌ಗಳು ಎಷ್ಟೋ ಸಲ ನಿಜವಾದದ್ದಕ್ಕಿಂತ ಚೆನ್ನಾಗಿರುತ್ತವೆ; ಈಗಂತೂ ಕೃತಕ ಬುದ್ಧಿಮತ್ತೆಯಿಂದ ಮಾಡಿದವೂ ಬೆರೆತಿವೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿಯಾಯಿತೆಂದರೆ ಹೆಸರು ಕಾದಿರಿಸಿದ್ದಾರೆ ಎಂದರ್ಥ, ಸಿನಿಮಾ ಶುರುವಾಗಿದೆ ಎಂದಲ್ಲ.

ಹಂತಗಳನ್ನು ನಾನು ನೋಡುವುದು ಹೀಗೆ. ಮುಹೂರ್ತವಾಗಿ ಕ್ಲ್ಯಾಪ್ ಆದರೆ ನಂಬಿಕೆ ಹುಟ್ಟುತ್ತದೆ. ಕುಂಬಳಕಾಯಿ ಒಡೆದರು ಎಂದರೆ ಚಿತ್ರೀಕರಣ ಮುಗಿದಂತೆ, ಆಗ ನಂಬಿಕೆ ಗಟ್ಟಿಯಾಗುತ್ತದೆ. ನಂತರ ಡಬ್ಬಿಂಗ್, ಹಿನ್ನೆಲೆ ಸಂಗೀತ, ಗ್ರಾಫಿಕ್ಸ್. ದೊಡ್ಡ ಚಿತ್ರಗಳು ತಡವಾಗುವುದು ಹೆಚ್ಚಾಗಿ ಇಲ್ಲಿ. ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ಮೇಲೆ ದಿನಾಂಕವನ್ನು ಪೆನ್ನಿನಲ್ಲಿ ಬರೆಯಬಹುದು. ಆ ಪ್ರಮಾಣಪತ್ರದಲ್ಲಿ ಚಿತ್ರದ ಅವಧಿ ಇರುತ್ತದೆ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ದರ್ಜೆಯನ್ನು 7+, 13+, 16+ ಎಂದು ಮೂರಾಗಿ ಒಡೆದಿರುವುದರಿಂದ ಮಕ್ಕಳನ್ನು ಕರೆದೊಯ್ಯುವವರಿಗೆ ಅದೂ ಉಪಯುಕ್ತ ಸುದ್ದಿಯೇ.

ದಿನಾಂಕಗಳ ವಿಷಯದಲ್ಲಿ ಇತಿಹಾಸ ನೋಡಿ. ಕೆಜಿಎಫ್‌ನ ಎರಡನೇ ಭಾಗಕ್ಕೆ ಮೊದಲು 2020ರ ಅಕ್ಟೋಬರ್ 23 ಎಂದರು, ಆಮೇಲೆ 2021ರ ಜುಲೈ 16 ಎಂದರು, ಬಂದದ್ದು 2022ರ ಏಪ್ರಿಲ್ 14ಕ್ಕೆ. ವಿಕ್ರಾಂತ್ ರೋಣ 2022ರ ಫೆಬ್ರುವರಿ 24ರಿಂದ ಜುಲೈ 28ಕ್ಕೆ ಹೋಯಿತು. ಇವೆರಡಕ್ಕೂ ಕೊರೊನಾ ಅಡ್ಡ ಬಂತು. ಸಪ್ತ ಸಾಗರದಾಚೆ ಎಲ್ಲೋ ಚಿತ್ರದ ಮೊದಲ ಭಾಗ 2023ರ ಸೆಪ್ಟೆಂಬರ್ 1ರಂದು ಬಂದಾಗ ಎರಡನೆಯದು ಅಕ್ಟೋಬರ್ 20ಕ್ಕೆ ಎಂದಿತ್ತು, ತೆರೆ ಕಂಡದ್ದು ನವೆಂಬರ್ 17ರಂದು. ಟಾಕ್ಸಿಕ್ ಶೀರ್ಷಿಕೆಯನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಾಗಲೇ 2025ರ ಏಪ್ರಿಲ್ 10 ಎಂದು ಹೇಳಿದ್ದರು, ಆ ದಿನ ಚಿತ್ರ ಬರಲಿಲ್ಲ. ಇನ್ನೊಂದು ಕಡೆ ಕಾಂತಾರ ಅಧ್ಯಾಯ 1 ಇದೆ. 2025ರ ಅಕ್ಟೋಬರ್ 2 ಎಂದು 2024ರಲ್ಲೇ ಹೇಳಿದರು, ಅದೇ ದಿನ ಬಂತು. ದಿನಾಂಕ ಮುಂದೆ ಹೋದರೆ ನಿರ್ಮಾಪಕರನ್ನು ಬೈಯುವ ಅಭಿಮಾನಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅರ್ಧ ಬೆಂದ ಗ್ರಾಫಿಕ್ಸ್‌ನೊಂದಿಗೆ ಬಂದ ಸಿನಿಮಾವನ್ನು ಮತ್ತೆ ಸರಿಪಡಿಸಲಾಗದು, ತಡವಾದ ದಿನಾಂಕವನ್ನು ಜನ ಮರೆಯುತ್ತಾರೆ.

ಸುದ್ದಿ ಯಾವಾಗ ಬರುತ್ತದೆ ಎಂಬುದಕ್ಕೂ ಒಂದು ಲಯವಿದೆ. ನಟರ ಹುಟ್ಟುಹಬ್ಬಗಳನ್ನು ಗುರುತು ಹಾಕಿಕೊಳ್ಳಿ: ಜನವರಿ 8 ಯಶ್, ಜುಲೈ 7 ರಿಷಬ್ ಶೆಟ್ಟಿ, ಜುಲೈ 12 ಶಿವರಾಜ್‌ಕುಮಾರ್, ಸೆಪ್ಟೆಂಬರ್ 2 ಸುದೀಪ್, ಸೆಪ್ಟೆಂಬರ್ 18 ಉಪೇಂದ್ರ. ಫಸ್ಟ್ ಲುಕ್, ಟೀಸರ್, ಹೊಸ ಘೋಷಣೆಗಳು ಈ ದಿನಗಳ ಸುತ್ತ ಬರುತ್ತವೆ. ಸಂಕ್ರಾಂತಿ, ಯುಗಾದಿ, ವರಮಹಾಲಕ್ಷ್ಮಿ, ದಸರಾ ಬಿಟ್ಟರೆ ಇವೇ ಸುದ್ದಿಯ ಹಬ್ಬಗಳು. ಕೆಜಿಎಫ್ 2 ಟೀಸರ್ 2021ರ ಜನವರಿ 8ಕ್ಕೆ ನಿಗದಿಯಾಗಿತ್ತು. ಸೋರಿಕೆಯಾದ್ದರಿಂದ ಹಿಂದಿನ ರಾತ್ರಿಯೇ ಬಿಡುಗಡೆ ಮಾಡಬೇಕಾಯಿತು. ನೂರಾರು ಜನ ಒಂದು ಗಳಿಗೆಗಾಗಿ ಸಿದ್ಧಪಡಿಸಿದ್ದನ್ನು ಯಾರೋ ಒಬ್ಬರು ಕದ್ದು ಹಂಚಿದ್ದರು. ಸೋರಿಕೆಯಾದದ್ದು ನಿಮ್ಮ ಮೊಬೈಲಿಗೆ ಬಂದರೆ ಅಳಿಸಿಬಿಡಿ. ಚಿತ್ರಮಂದಿರದಲ್ಲಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು 2023ರ ತಿದ್ದುಪಡಿ ಕಾಯ್ದೆಯ ಪ್ರಕಾರ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡ ವಿಧಿಸಬಹುದಾದ ಅಪರಾಧ. ನಾಯಕ ತೆರೆಗೆ ಬರುವ ಹತ್ತು ಸೆಕೆಂಡನ್ನು ಸ್ಟೇಟಸ್‌ಗೆ ಹಾಕುವ ಹುಡುಗರಿಗೆ ಇದನ್ನು ನಾನು ಕೂರಿಸಿ ಹೇಳುತ್ತೇನೆ.

ಟೀಸರ್, ಟ್ರೇಲರ್ ನೋಡಿದಾಗ

ಟೀಸರ್ ನೋಡಿ ಸಿನಿಮಾದ ತೀರ್ಪು ಕೊಡುವುದು ಕತ್ತರಿಸಿಟ್ಟ ಬಟ್ಟೆ ನೋಡಿ ಬ್ಲೌಸ್ ಮೈಗೆ ಹೇಗೆ ಕೂರುತ್ತದೆಂದು ಹೇಳಿದ ಹಾಗೆ. ಮೂರು ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಿ. ಕಥೆ ಯಾವ ಊರಿನದು, ಯಾವ ಕಾಲದ್ದು? ನಾಯಕನಿಗೆ ಏನು ಬೇಕಾಗಿದೆ? ನಾಯಕಿಗೆ ಹಾಡಿನ ಆಚೆಗೆ ಒಂದು ಮಾತಾದರೂ ಇದೆಯೇ? ಮೂರನೆಯದಕ್ಕೆ ಉತ್ತರ ಸಿಗದ ಟ್ರೇಲರ್‌ಗಳು ಇನ್ನೂ ಬರುತ್ತಲೇ ಇವೆ. ನಮ್ಮಂಥ ಪ್ರೇಕ್ಷಕಿಯರು ಅದನ್ನು ಪ್ರತಿ ಸಲವೂ ಗಟ್ಟಿಯಾಗಿ ಕೇಳಬೇಕು.

ಪುಸ್ತಕದಲ್ಲಿ ಒಂದು ಹಾಳೆಯನ್ನು ಅಬ್ಬರವಿಲ್ಲದ ಚಿತ್ರಗಳಿಗೂ ಬಿಡಿ. 2022ರ ಸೆಪ್ಟೆಂಬರ್ 30ರಂದು ಕಾಂತಾರ ಮೊದಲು ಕನ್ನಡದಲ್ಲಷ್ಟೇ ಬಂತು; ನೋಡಿದವರ ಬಾಯಿಮಾತು ಹಬ್ಬಿದ ಮೇಲೆ, ಎರಡು ವಾರದ ಹೊತ್ತಿಗೆ ಹಿಂದಿಯಲ್ಲೂ ಬಂತು. 2025ರ ಜುಲೈ 25ರಂದು ಬಂದ ಸು ಫ್ರಮ್ ಸೋ ಚಿತ್ರದಲ್ಲಿ ದೊಡ್ಡ ತಾರೆಯ ಹೆಸರಿನ ಬಲ ಇರಲಿಲ್ಲ. ನೋಡಿ ನಕ್ಕು ಬಂದವರೇ ಮುಂದಿನವರನ್ನು ಕಳಿಸಿದರು. ಇಂಥ ಚಿತ್ರಕ್ಕೆ ನೀವು ಬರೆಯುವ ನಾಲ್ಕು ಸಾಲು ತಾರಾ ಚಿತ್ರಕ್ಕೆ ಬರೆಯುವ ನಲವತ್ತು ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ವಾರದಲ್ಲೇ ನೋಡಿ, ಮೊದಲ ವಾರದಲ್ಲೇ ಬರೆಯಿರಿ. ಜನ ಬರಲಿಲ್ಲವೆಂದರೆ ಎರಡನೇ ವಾರಕ್ಕೆ ಪರದೆ ಬೇರೆ ಚಿತ್ರದ ಪಾಲಾಗುತ್ತದೆ.

ಸಿನಿಮಾ ನೋಡಿ ಬಂದ ಮೇಲೆ ಹಳೆಯ ಹಾಳೆ ತೆಗೆದು ಆ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೇ ನೋಡಿ, ಅಲ್ಲಿಂದ ಅನಿಸಿಕೆ ಶುರು ಮಾಡಿ. ಮಧ್ಯಂತರದ ನಂತರದ ತಿರುವುಗಳನ್ನು ಮೊದಲ ಭಾನುವಾರ ಕಳೆಯುವವರೆಗೆ ಬರೆಯಬೇಡಿ. ಯಾವ ಚಿತ್ರಮಂದಿರ, ಯಾವ ಆಟ, ಧ್ವನಿ ಸ್ಪಷ್ಟವಾಗಿತ್ತೇ, ಹೆಂಗಸರು ಮಕ್ಕಳು ಎಷ್ಟು ಮಂದಿ ಬಂದಿದ್ದರು ಎಂಬುದನ್ನು ಸೇರಿಸಿ. ನಮ್ಮಂಥ ತಾಲ್ಲೂಕು ಊರಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಬರುವವರಿದ್ದಾರೆ. ಚಿತ್ರ ಎಷ್ಟು ಹೊತ್ತಿಗೆ ಬಿಡುತ್ತದೆ, ಅಷ್ಟರಲ್ಲಿ ಕೊನೆಯ ಬಸ್ಸು ಸಿಗುತ್ತದೆಯೇ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಹೋಗಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದು ಅದರ ಮೇಲೆ.